ದಕ್ಷಿಣ ಏಷ್ಯಾದ ಕಿರಿಯ ಆಟಗಾರ್ತಿಯರ ಫುಟ್‌ಬಾಲ್ ಕಣ

ದಕ್ಷಿಣ ಏಷ್ಯಾದ ದೇಶಗಳ ಹದಿಹರೆಯದ ಆಟಗಾರ್ತಿಯರಿಗಾಗಿ ನಡೆಯುವ ಫುಟ್‌ಬಾಲ್ ಪಂದ್ಯಾವಳಿಯೇ ಸ್ಯಾಫ್ ಕಿರಿಯರ ಮಹಿಳಾ ಚಾಂಪಿಯನ್‌ಷಿಪ್. 2018ರಲ್ಲಿ ಭೂತಾನದ ರಾಜಧಾನಿ ಥಿಂಪುವಿನಲ್ಲಿ ಶುರುವಾದ ಇದು 2025ರ ಜುಲೈವರೆಗೆ ಆರು ಸಲ ನಡೆದಿದೆ. ಆಡುವ ತಂಡಗಳು ಒಮ್ಮೆ ಆರು, ಒಮ್ಮೆ ನಾಲ್ಕು, ಮತ್ತೊಮ್ಮೆ ಬರೀ ಮೂರು. ವಯಸ್ಸಿನ ಮಿತಿಯೂ ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು ಎಂದು ಏರುತ್ತ ಇಳಿಯುತ್ತ ಬಂದಿದೆ. ಮೇಲ್ನೋಟಕ್ಕೆ ಇನ್ನೂ ಹದಕ್ಕೆ ಬಾರದ ಪಂದ್ಯಾವಳಿ ಎನಿಸಬಹುದು. ಆದರೆ ದಕ್ಷಿಣ ಏಷ್ಯಾದ ಮಹಿಳಾ ಫುಟ್‌ಬಾಲಿನಲ್ಲಿ ಈಚಿನ ವರ್ಷಗಳಲ್ಲಿ ಆಗಿರುವ ಬಲಾಬಲದ ಪಲ್ಲಟಕ್ಕೆ ಬೇರು ಇಲ್ಲಿಯೇ ಇದೆ. ಹನ್ನೆರಡು ವರ್ಷ ಭಾರತದ ಬಳಿಯಿದ್ದ ಹಿರಿಯರ ಕಪ್ಪು ಬಾಂಗ್ಲಾದೇಶದ ಪಾಲಾಯಿತು. ಅದಕ್ಕೂ ಮೊದಲೇ ಆ ದೇಶದ ಹುಡುಗಿಯರು ಕಿರಿಯರ ಕಣದಲ್ಲಿ ಗೆಲ್ಲುವುದನ್ನು ಕಲಿತಿದ್ದರು.

ಈ ಪಂದ್ಯಾವಳಿಯನ್ನು ನಡೆಸುವುದು ದಕ್ಷಿಣ ಏಷ್ಯಾ ಫುಟ್‌ಬಾಲ್ ಫೆಡರೇಷನ್, ಚಿಕ್ಕದಾಗಿ ಸ್ಯಾಫ್. 1997ರಲ್ಲಿ ಹುಟ್ಟಿದ ಈ ಸಂಸ್ಥೆಯ ಕಚೇರಿ ಢಾಕಾದಲ್ಲಿದೆ. ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ನೇಪಾಳ, ಶ್ರೀಲಂಕಾ, ಭೂತಾನ ಮತ್ತು ಮಾಲ್ದೀವ್ಸ್ ಇದರ ಏಳು ಸದಸ್ಯ ರಾಷ್ಟ್ರಗಳು. ಅಫ್ಗಾನಿಸ್ತಾನವೂ ಕೆಲಕಾಲ ಇದರಲ್ಲಿತ್ತು, ಆಮೇಲೆ ಮಧ್ಯ ಏಷ್ಯಾದ ಒಕ್ಕೂಟಕ್ಕೆ ಸೇರಿಕೊಂಡಿತು. ಜಗತ್ತಿನ ಫುಟ್‌ಬಾಲ್ ಆಡಳಿತದ ಮೆಟ್ಟಿಲುಗಳಲ್ಲಿ ಎಲ್ಲಕ್ಕಿಂತ ಮೇಲೆ ಫಿಫಾ, ಅದರ ಕೆಳಗೆ ಏಷ್ಯಾ ಖಂಡದ ಒಕ್ಕೂಟವಾದ ಎಎಫ್‌ಸಿ, ಅದರಡಿಯಲ್ಲಿ ಪ್ರಾದೇಶಿಕ ಒಕ್ಕೂಟಗಳು. ಪಶ್ಚಿಮ ಏಷ್ಯಾ, ಪೂರ್ವ ಏಷ್ಯಾ, ಆಗ್ನೇಯ ಏಷ್ಯಾ, ಮಧ್ಯ ಏಷ್ಯಾಗಳಿಗೆ ಇರುವಂತೆಯೇ ದಕ್ಷಿಣ ಏಷ್ಯಾಕ್ಕೆ ಸ್ಯಾಫ್. ನೆರೆಹೊರೆಯ ದೇಶಗಳು ಕಡಿಮೆ ಖರ್ಚಿನಲ್ಲಿ ಪರಸ್ಪರ ಆಡಿ, ಖಂಡಮಟ್ಟದ ಅರ್ಹತಾ ಸುತ್ತಿಗೆ ತಯಾರಾಗಲಿ ಎಂಬುದು ಇಂಥ ಒಕ್ಕೂಟಗಳ ಮುಖ್ಯ ಉದ್ದೇಶ.

ಸ್ಯಾಫ್ ಮೊದಲು ಕೈಹಾಕಿದ್ದು ಪುರುಷರ ಪಂದ್ಯಾವಳಿಗೆ. ಹಿರಿಯ ಮಹಿಳೆಯರ ಸರದಿ ಬಂದದ್ದು 2010ರಲ್ಲಿ, ಬಾಂಗ್ಲಾದೇಶದ ಕಡಲತಡಿಯ ಊರು ಕಾಕ್ಸ್ ಬಜಾರಿನಲ್ಲಿ. ಅಂದು ಗೆದ್ದ ಭಾರತ ಮುಂದೆ 2012ರಲ್ಲಿ ಕೊಲಂಬೊ, 2014ರಲ್ಲಿ ಇಸ್ಲಾಮಾಬಾದ್, 2016ರ ಕೊನೆಯಲ್ಲಿ ಶುರುವಾದ ಸಿಲಿಗುರಿ ಪಂದ್ಯಾವಳಿ, 2019ರಲ್ಲಿ ನೇಪಾಳದ ಬಿರಾಟ್‌ನಗರ, ಹೀಗೆ ಐದೂ ಸಲ ಕಪ್ಪನ್ನು ಕೊಂಡೊಯ್ದಿತು. ಉಳಿದ ದೇಶಗಳಿಗೆ ಹಿರಿಯರ ತಂಡ ಇತ್ತೇ ಹೊರತು ಅದಕ್ಕೆ ಆಟಗಾರ್ತಿಯರನ್ನು ಒದಗಿಸುವ ಕೆಳಗಿನ ಪಂಕ್ತಿ ಇರಲಿಲ್ಲ. ಶಾಲೆಯಲ್ಲಿ ಚೆಂಡು ಒದ್ದ ಹುಡುಗಿ ಹದಿನಾಲ್ಕು ದಾಟಿದ ಮೇಲೆ ಆಡಲು ಪಂದ್ಯವೇ ಇಲ್ಲದೆ ಮನೆ ಸೇರುತ್ತಿದ್ದಳು. ಈ ತೆರವನ್ನು ತುಂಬಲು 2017ರ ಡಿಸೆಂಬರಿನಲ್ಲಿ 15 ವರ್ಷದೊಳಗಿನವರ ಪಂದ್ಯಾವಳಿ ಢಾಕಾದಲ್ಲಿ ಆರಂಭವಾಯಿತು. ಮರುವರ್ಷ 18 ವರ್ಷದೊಳಗಿನವರದು ಬಂತು.

ವಯಸ್ಸಿನ ಮಿತಿ ಆಗಾಗ ಬದಲಾಗುವುದಕ್ಕೆ ಕಾರಣವಿದೆ. ಏಷ್ಯಾ ಮಟ್ಟದ ಕಿರಿಯರ ಮಹಿಳಾ ಪಂದ್ಯಾವಳಿ ಮೊದಲು 19 ವರ್ಷದೊಳಗಿನವರದಾಗಿತ್ತು, ಈಚೆಗೆ ಅದನ್ನು 20 ವರ್ಷದೊಳಗಿನವರದಾಗಿ ಮಾಡಲಾಗಿದೆ. ಸ್ಯಾಫ್ ತನ್ನ ಪಂದ್ಯಾವಳಿಯನ್ನು ಅದಕ್ಕೆ ಪೂರ್ವಸಿದ್ಧತೆಯಾಗುವಂತೆ ಹೊಂದಿಸಲು ನೋಡುತ್ತದೆ. ಏಷ್ಯಾ ಅರ್ಹತಾ ಸುತ್ತು ಇನ್ನೂ ಒಂದೆರಡು ವರ್ಷ ದೂರವಿದ್ದರೆ, ಆಗ ಇಪ್ಪತ್ತಕ್ಕೆ ಕಾಲಿಡುವ ಹುಡುಗಿಯರು ಈಗ ಹದಿನೆಂಟರವರು. ಹಾಗಾಗಿ 18 ವರ್ಷದೊಳಗಿನವರ ಪಂದ್ಯಾವಳಿ ನಡೆಸಿದರೆ ಅದೇ ತಂಡವನ್ನು ಬೆಳೆಸಿಕೊಂಡು ಹೋಗಬಹುದು. ಮಿತಿಯನ್ನು ಲೆಕ್ಕಹಾಕುವುದು ಹುಟ್ಟಿದ ವರ್ಷದಿಂದ. ಗೊತ್ತುಪಡಿಸಿದ ವರ್ಷದ ಜನವರಿ 1 ಅಥವಾ ಆಮೇಲೆ ಹುಟ್ಟಿದವರಷ್ಟೇ ಆಡಲು ಅರ್ಹರು. ಡಿಸೆಂಬರ್ ಕೊನೆಯ ವಾರದಲ್ಲಿ ಹುಟ್ಟಿದವಳು ಕೆಲವೇ ದಿನಗಳ ಅಂತರದಿಂದ ಒಂದು ಇಡೀ ಪಂದ್ಯಾವಳಿಯನ್ನು ಕಳೆದುಕೊಳ್ಳುವುದು ಕಿರಿಯರ ಫುಟ್‌ಬಾಲಿನಲ್ಲಿ ಎಲ್ಲ ಕಡೆಯೂ ಇರುವ ಸಂಗತಿ.

ಆಟದ ಮಾದರಿ ನಿಂತಿರುವುದು ಬರುವ ತಂಡಗಳ ಸಂಖ್ಯೆಯ ಮೇಲೆ. ಆರು ತಂಡಗಳಿದ್ದರೆ ಮೂರು ಮೂರರ ಎರಡು ಗುಂಪು, ಆಮೇಲೆ ಸೆಮಿಫೈನಲ್, ಫೈನಲ್. ನಾಲ್ಕು ಅಥವಾ ಐದು ತಂಡಗಳಿದ್ದರೆ ಎಲ್ಲರೂ ಎಲ್ಲರ ಮೇಲೆ ಒಮ್ಮೆ ಆಡುವ ರೌಂಡ್ ರಾಬಿನ್ ಲೀಗ್, ಮೊದಲ ಎರಡು ಸ್ಥಾನದವರಿಗೆ ಫೈನಲ್. ತಂಡಗಳು ಇನ್ನೂ ಕಡಿಮೆಯಾದರೆ, ಅಥವಾ ಹೆಚ್ಚು ಪಂದ್ಯ ಬೇಕೆನಿಸಿದರೆ, ಪ್ರತಿ ಎದುರಾಳಿಯ ಮೇಲೂ ಎರಡೆರಡು ಸಲ ಆಡುವ ಡಬಲ್ ಲೀಗ್. ಇದರಲ್ಲಿ ಫೈನಲ್ ಇರುವುದಿಲ್ಲ, ಅಂಕಪಟ್ಟಿಯ ಮೇಲಿರುವವರೇ ಚಾಂಪಿಯನ್. ನೋಡುಗರಿಗೆ ಫೈನಲ್ಲಿನ ರಂಗು ಇಷ್ಟ. ಕೋಚುಗಳಿಗೆ ಡಬಲ್ ಲೀಗೇ ಮೇಲು, ಏಕೆಂದರೆ ತಮ್ಮನ್ನು ಸೋಲಿಸಿದ ಎದುರಾಳಿಯನ್ನೇ ಒಂದು ವಾರದೊಳಗೆ ಮತ್ತೆ ಎದುರಿಸಿ, ತಪ್ಪು ತಿದ್ದಿಕೊಳ್ಳುವ ಅವಕಾಶ ಹುಡುಗಿಯರಿಗೆ ಅದರಲ್ಲಿ ಸಿಗುತ್ತದೆ.

ಮೊದಲ ಪಂದ್ಯಾವಳಿ 2018ರ ಸೆಪ್ಟೆಂಬರ್ ಕೊನೆಯಿಂದ ಅಕ್ಟೋಬರ್ 7ರವರೆಗೆ ಥಿಂಪುವಿನ ಚಾಂಗ್ಲಿಮಿಥಾಂಗ್ ಕ್ರೀಡಾಂಗಣದಲ್ಲಿ ನಡೆಯಿತು. ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದ ಊರದು. ಬಯಲುನಾಡಿನಿಂದ ಹೋದವರಿಗೆ ಅಲ್ಲಿ ಇಪ್ಪತ್ತು ನಿಮಿಷದ ಓಟದಲ್ಲೇ ಉಸಿರು ಕಟ್ಟುತ್ತದೆ. ಆರು ತಂಡಗಳು ಬಂದಿದ್ದವು. ಭಾರತ, ಭೂತಾನ, ಮಾಲ್ದೀವ್ಸ್ ಒಂದು ಗುಂಪಿನಲ್ಲಿ, ಬಾಂಗ್ಲಾದೇಶ, ನೇಪಾಳ, ಪಾಕಿಸ್ತಾನ ಇನ್ನೊಂದರಲ್ಲಿ. ಗುಂಪಿನ ಹಂತದಲ್ಲಿ ಬಾಂಗ್ಲಾದೇಶ ಪಾಕಿಸ್ತಾನವನ್ನು 17–0 ಗೋಲುಗಳಿಂದ ಮಣಿಸಿತು. ಸೆಮಿಫೈನಲ್ಲಿನಲ್ಲಿ ನೇಪಾಳ ಭಾರತವನ್ನು ಪೆನಾಲ್ಟಿ ಷೂಟೌಟಿನಲ್ಲಿ ಹೊರದಬ್ಬಿತು. ಫೈನಲ್ಲಿನಲ್ಲಿ ಮಸೂರಾ ಪರ್ವೀನ್ ಹೊಡೆದ ಒಂದೇ ಗೋಲಿನಿಂದ ಬಾಂಗ್ಲಾದೇಶ ನೇಪಾಳವನ್ನು ಸೋಲಿಸಿತು. ಹದಿನೇಳು ಗೋಲುಗಳ ಆ ಅಂತರ ಒಂದು ಮಾತನ್ನು ಸ್ಪಷ್ಟಪಡಿಸಿತು: ವರ್ಷಪೂರ್ತಿ ಶಿಬಿರದಲ್ಲಿ ಒಟ್ಟಿಗಿದ್ದ ತಂಡಕ್ಕೂ ಪಂದ್ಯಾವಳಿಗೆಂದು ಕೂಡಿಸಿದ ತಂಡಕ್ಕೂ ಹೋಲಿಕೆಯೇ ಇಲ್ಲ.

ಎರಡನೆಯದು ನಡೆಯಬೇಕಾದ ಹೊತ್ತಿಗೆ ಕೊರೊನಾ ಸೋಂಕು ಎಲ್ಲ ಮೈದಾನಗಳಿಗೂ ಬೀಗ ಹಾಕಿತ್ತು. 2021ರ ಡಿಸೆಂಬರಿನಲ್ಲಿ, 19 ವರ್ಷದೊಳಗಿನವರ ಹೆಸರಿನಲ್ಲಿ, ಢಾಕಾದ ಕಮಲಾಪುರ ಕ್ರೀಡಾಂಗಣದಲ್ಲಿ ಅದು ನಡೆಯಿತು. ಭಾರತ, ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ ಆಡಿದವು. ಬಾಂಗ್ಲಾದೇಶ ಶ್ರೀಲಂಕಾದ ಮೇಲೆ ಹನ್ನೆರಡು ಗೋಲು ಸುರಿಯಿತು, ಇಡೀ ಪಂದ್ಯಾವಳಿಯಲ್ಲಿ ಒಂದು ಗೋಲನ್ನೂ ಬಿಟ್ಟುಕೊಡಲಿಲ್ಲ. ಡಿಸೆಂಬರ್ 22ರ ಫೈನಲ್ಲಿನಲ್ಲಿ ಎದುರಾಳಿ ಭಾರತ. ಪಂದ್ಯ ಮುಗಿಯಲು ಹತ್ತು ನಿಮಿಷ ಇರುವಾಗ ಅನಾಯಿ ಮೊಗಿನಿ ದೂರದಿಂದ ಒದ್ದ ಚೆಂಡು ಬಲೆ ಸೇರಿತು. ಫಲಿತಾಂಶ 1–0. ಮಾರಿಯಾ ಮಾಂಡಾ ನಾಯಕತ್ವದ ತಂಡ ತವರಿನ ಜನರ ಮುಂದೆ ಕಪ್ಪು ಎತ್ತಿತು.

ಮೂರು ತಿಂಗಳೊಳಗೇ, 2022ರ ಮಾರ್ಚಿನಲ್ಲಿ, ಪಂದ್ಯಾವಳಿ ಮೊದಲ ಬಾರಿಗೆ ಭಾರತಕ್ಕೆ ಬಂತು. ಜಮ್‌ಷೆಡ್‌ಪುರದ ಜೆಆರ್‌ಡಿ ಟಾಟಾ ಕ್ರೀಡಾ ಸಂಕೀರ್ಣದಲ್ಲಿ 18 ವರ್ಷದೊಳಗಿನ ಮೂರೇ ತಂಡಗಳು ಎರಡೆರಡು ಸಲ ಎದುರಾದವು. ಆ ವರ್ಷದ ಅಕ್ಟೋಬರಿನಲ್ಲಿ ಭಾರತ 17 ವರ್ಷದೊಳಗಿನವರ ವಿಶ್ವಕಪ್ಪಿಗೆ ಆತಿಥೇಯವಾಗಲಿತ್ತು, ಹಾಗಾಗಿ ಕಿರಿಯ ಆಟಗಾರ್ತಿಯರ ಮೇಲೆ ಎಂದಿಗಿಂತ ಹೆಚ್ಚು ಗಮನವಿತ್ತು. ಭಾರತ ನೇಪಾಳವನ್ನು 7–0ರಿಂದ ಸೋಲಿಸಿ ಶುರುಮಾಡಿತು. ಕೊನೆಯ ಪಂದ್ಯದಲ್ಲಿ ಬಾಂಗ್ಲಾದೇಶದ ಕೈಯಲ್ಲಿ 0–1ರಿಂದ ಸೋತಿತು. ಅಂಕಗಳು ಸಮವಾದವು, ಗೋಲುಗಳ ವ್ಯತ್ಯಾಸ ಭಾರತದ ಕೈಹಿಡಿಯಿತು. ಹೀಗೆ ಕೊನೆಯ ಪಂದ್ಯ ಸೋತವರೇ ಚಾಂಪಿಯನ್ ಆದರು. ಮಣಿಪುರದ ಲಿಂಡಾ ಕೋಮ್ ಸೆರ್ಟೊ ಐದು ಗೋಲು ಹೊಡೆದು ಅತಿ ಹೆಚ್ಚು ಗೋಲು ಗಳಿಸಿದ ಆಟಗಾರ್ತಿಯಾದಳು.

2023ರ ಫೆಬ್ರವರಿಯಲ್ಲಿ ಪಂದ್ಯಾವಳಿ 20 ವರ್ಷದೊಳಗಿನವರದಾಗಿ ಮತ್ತೆ ಕಮಲಾಪುರಕ್ಕೆ ಮರಳಿತು. ನೇಪಾಳ ಲೀಗ್ ಹಂತದಲ್ಲೇ ಭಾರತವನ್ನು 3–1ರಿಂದ ಸೋಲಿಸಿ ಫೈನಲ್ ಬಾಗಿಲು ಮುಚ್ಚಿತು. ಫೈನಲ್ಲಿನಲ್ಲಿ ಬಾಂಗ್ಲಾದೇಶ ನೇಪಾಳವನ್ನು 3–0ರಿಂದ ಗೆದ್ದಿತು. ನಾಯಕಿ ಶಮ್ಸುನ್ನಾಹಾರ್ ಕಿರಿಯಳು ಅತಿ ಹೆಚ್ಚು ಗೋಲು ಹೊಡೆದವಳೂ ಹೌದು, ಪಂದ್ಯಾವಳಿಯ ಶ್ರೇಷ್ಠ ಆಟಗಾರ್ತಿಯೂ ಹೌದು. ಬಾಂಗ್ಲಾದೇಶದ ತಂಡದಲ್ಲಿ ಇದೇ ಹೆಸರಿನ ಇಬ್ಬರು ಇದ್ದುದರಿಂದ ಹಿರಿಯಳು, ಕಿರಿಯಳು ಎಂದು ಗುರುತಿಸುವ ರೂಢಿ ಬಂತು.

ಐದನೆಯ ಪಂದ್ಯಾವಳಿ ಮಾತ್ರ ಜಗತ್ತಿನ ಫುಟ್‌ಬಾಲ್ ಸುದ್ದಿಯಲ್ಲಿ ಜಾಗ ಪಡೆಯಿತು, ಆಟಕ್ಕಿಂತ ಹೆಚ್ಚಾಗಿ ಅದು ಮುಗಿದ ಬಗೆಯಿಂದ. 2024ರ ಫೆಬ್ರವರಿ 2ರಿಂದ 8ರವರೆಗೆ ಕಮಲಾಪುರದಲ್ಲಿ 19 ವರ್ಷದೊಳಗಿನ ನಾಲ್ಕು ತಂಡಗಳು ಆಡಿದವು. ಭಾರತ ಭೂತಾನವನ್ನು 10–0ರಿಂದ, ನೇಪಾಳವನ್ನು 4–0ರಿಂದ ಗೆದ್ದಿತು, ಬಾಂಗ್ಲಾದೇಶಕ್ಕೆ 0–1ರಿಂದ ಸೋತಿತು. ಫೈನಲ್ಲಿನಲ್ಲಿ ಮತ್ತೆ ಇವೆರಡೇ ತಂಡಗಳು. ಎಂಟನೆಯ ನಿಮಿಷದಲ್ಲಿ ಸಿಬಾನಿ ದೇವಿ ಭಾರತಕ್ಕೆ ಮುನ್ನಡೆ ತಂದುಕೊಟ್ಟಳು. ಆ ಮುನ್ನಡೆ ತೊಂಬತ್ತನೆಯ ನಿಮಿಷದವರೆಗೂ ಉಳಿಯಿತು. ಇಂಜುರಿ ಅವಧಿಯ ಮೂರನೆಯ ನಿಮಿಷದಲ್ಲಿ ಮೊಸಮ್ಮತ್ ಸಾಗರಿಕಾ ಸಮಬಲದ ಗೋಲು ಹೊಡೆದಳು. ಪಂದ್ಯ ಪೆನಾಲ್ಟಿ ಷೂಟೌಟಿಗೆ ಹೋಯಿತು.

ಷೂಟೌಟಿನಲ್ಲಿ ಮೊದಲ ಐದೈದು ಒದೆತಗಳು ಮುಗಿದರೂ ಯಾರೂ ತಪ್ಪಲಿಲ್ಲ. ಆರನೆಯವಳು, ಏಳನೆಯವಳು, ಹೀಗೆ ಗೋಲ್‌ಕೀಪರುಗಳವರೆಗೆ ಎರಡೂ ತಂಡದ ಹನ್ನೊಂದು ಮಂದಿಯೂ ಚೆಂಡನ್ನು ಬಲೆಗೆ ಸೇರಿಸಿದರು. ಲೆಕ್ಕ 11–11. ಹಿರಿಯರ ವೃತ್ತಿಪರ ಫುಟ್‌ಬಾಲಿನಲ್ಲೂ ಅಪರೂಪವಾದ ಈ ದೃಶ್ಯವನ್ನು ಹದಿಹರೆಯದ ಇಪ್ಪತ್ತೆರಡು ಹುಡುಗಿಯರು, ಕಿಕ್ಕಿರಿದ ಜನರ ಕೂಗಾಟದ ನಡುವೆ ಸಾಧ್ಯ ಮಾಡಿದ್ದರು. ಎಡವಟ್ಟಾದದ್ದು ಆಡಿದವರಿಂದಲ್ಲ. ಷೂಟೌಟ್ ಮುಂದುವರಿಯಬೇಕಾದ ಹೊತ್ತಿನಲ್ಲಿ, ಮ್ಯಾಚ್ ಕಮಿಷನರ್ ತೀರ್ಮಾನದಂತೆ ನಾಯಕಿಯರನ್ನು ಕರೆದು ನಾಣ್ಯ ಚಿಮ್ಮಿಸಲಾಯಿತು. ಟಾಸ್ ಭಾರತದ ಕಡೆ ಬಿತ್ತು. ಭಾರತದ ಹುಡುಗಿಯರು ಕುಣಿದಾಡಿದರು, ಬಾಂಗ್ಲಾದೇಶದವರು ಮೈದಾನ ಬಿಡದೆ ಪ್ರತಿಭಟಿಸಿದರು. ಜನ ಬಾಟಲಿಗಳನ್ನು ತೂರಿದರು. ತೀರ್ಮಾನವನ್ನು ಹಿಂತೆಗೆದುಕೊಂಡು ಷೂಟೌಟ್ ಮುಂದುವರಿಸಲು ಹೊರಟಾಗ ಭಾರತ ತಂಡ ಮೈದಾನದಿಂದ ಹೊರಗೆ ಹೋಗಿತ್ತು. ತಾಸುಗಟ್ಟಲೆ ಗೊಂದಲ ನಡೆದ ಮೇಲೆ ಎರಡೂ ತಂಡಗಳನ್ನು ಜಂಟಿ ಚಾಂಪಿಯನ್ನರೆಂದು ಘೋಷಿಸಲಾಯಿತು.

ಫುಟ್‌ಬಾಲಿನ ನಿಯಮ ಈ ವಿಷಯದಲ್ಲಿ ಸ್ಪಷ್ಟವಾಗಿದೆ. ಷೂಟೌಟಿನಲ್ಲಿ ನಾಣ್ಯ ಚಿಮ್ಮುವುದು ಎರಡು ಕಾರಣಕ್ಕೆ ಮಾತ್ರ: ಯಾವ ಬದಿಯ ಗೋಲಿನಲ್ಲಿ ಒದೆಯಬೇಕು, ಯಾರು ಮೊದಲು ಒದೆಯಬೇಕು ಎಂಬುದನ್ನು ನಿರ್ಧರಿಸಲು. ಎಲ್ಲರೂ ಒಮ್ಮೆ ಒದ್ದ ಮೇಲೂ ಸಮವಾಗಿದ್ದರೆ ಎರಡನೆಯ ಸುತ್ತು ಶುರುವಾಗಬೇಕು. ಈ ಸಲ ಒದೆಯುವವರ ಸರದಿಯನ್ನು ತಂಡ ಬೇಕಾದಂತೆ ಬದಲಿಸಿಕೊಳ್ಳಬಹುದು. ಒಬ್ಬರು ತಪ್ಪಿ ಇನ್ನೊಬ್ಬರು ಹೊಡೆಯುವವರೆಗೆ ಇದಕ್ಕೆ ಕೊನೆಯಿಲ್ಲ. ನಾಣ್ಯದಿಂದ ಗೆಲುವನ್ನು ತೀರ್ಮಾನಿಸುವ ಪದ್ಧತಿ ಹಿಂದೆ ಇದ್ದದ್ದು ನಿಜ. 1968ರ ಯುರೋಪಿಯನ್ ಚಾಂಪಿಯನ್‌ಷಿಪ್ಪಿನ ಸೆಮಿಫೈನಲ್ಲಿನಲ್ಲಿ ಇಟಲಿ ಸೋವಿಯತ್ ಒಕ್ಕೂಟವನ್ನು ದಾಟಿ ಹೋದದ್ದು ಟಾಸ್ ಗೆದ್ದು. ಅಂಥ ಅನ್ಯಾಯ ತಪ್ಪಲಿ ಎಂದೇ 1970ರಲ್ಲಿ ಪೆನಾಲ್ಟಿ ಷೂಟೌಟನ್ನು ನಿಯಮಕ್ಕೆ ಸೇರಿಸಲಾಯಿತು. ಅರ್ಧ ಶತಮಾನದ ಹಿಂದೆ ಕೈಬಿಟ್ಟ ಪದ್ಧತಿ ಕಮಲಾಪುರದಲ್ಲಿ ಒಂದು ಗಳಿಗೆ ಮರಳಿ ಬಂದಿತ್ತು. ಕಿರಿಯರ ಪಂದ್ಯಾವಳಿಗಳಲ್ಲಿ ಆಡುವವರಷ್ಟೇ ಅಲ್ಲದೆ ಆಡಿಸುವವರೂ ಪಳಗಬೇಕಾಗಿದೆ ಎಂಬುದಕ್ಕೆ ಈ ಫೈನಲ್ ನಿದರ್ಶನವಾಯಿತು.

ಆರನೆಯ ಪಂದ್ಯಾವಳಿ 2025ರ ಜುಲೈ 11ರಿಂದ 21ರವರೆಗೆ ಢಾಕಾದ ಬಸುಂಧರಾ ಕಿಂಗ್ಸ್ ಅರೀನಾದಲ್ಲಿ, 20 ವರ್ಷದೊಳಗಿನವರಿಗಾಗಿ ನಡೆಯಿತು. ಭಾರತ ಆಡಲಿಲ್ಲ. ಬಾಂಗ್ಲಾದೇಶ, ನೇಪಾಳ, ಭೂತಾನ, ಶ್ರೀಲಂಕಾ ಎರಡೆರಡು ಸಲ ಎದುರಾದವು. ಫೈನಲ್ ಇಲ್ಲದಿದ್ದರೂ ಕೊನೆಯ ದಿನದ ಬಾಂಗ್ಲಾದೇಶ–ನೇಪಾಳ ಪಂದ್ಯವೇ ಫೈನಲ್ಲಿನಂತಾಯಿತು. ನೇಪಾಳದ ಎದುರಿನ ಮೊದಲ ಪಂದ್ಯದಲ್ಲಿ ಕೆಂಪು ಕಾರ್ಡ್ ಪಡೆದು ಮೂರು ಪಂದ್ಯ ಹೊರಗೆ ಕೂತಿದ್ದ ಸಾಗರಿಕಾ ಅಂದು ಮರಳಿ ಬಂದು ನಾಲ್ಕು ಗೋಲು ಹೊಡೆದಳು. ತಂಡ 4–0ರಿಂದ ಗೆದ್ದು, ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. ಒಟ್ಟು ಲೆಕ್ಕ ನೋಡಿದರೆ ಆರು ಪಂದ್ಯಾವಳಿಗಳಲ್ಲಿ ಬಾಂಗ್ಲಾದೇಶಕ್ಕೆ ನಾಲ್ಕು, ಭಾರತಕ್ಕೆ ಒಂದು, ಇಬ್ಬರಿಗೂ ಸೇರಿ ಒಂದು.

ಇದರ ಜೊತೆಜೊತೆಗೇ ಇನ್ನೂ ಚಿಕ್ಕವರ ಪಂದ್ಯಾವಳಿಯೂ ಬೆಳೆದಿದೆ. 2017ರಲ್ಲಿ ಢಾಕಾದಲ್ಲಿ ನಡೆದ 15 ವರ್ಷದೊಳಗಿನವರ ಮೊದಲ ಫೈನಲ್ಲಿನಲ್ಲಿ ಬಾಂಗ್ಲಾದೇಶ ಭಾರತವನ್ನು 1–0ರಿಂದ ಸೋಲಿಸಿತು. 2018 ಮತ್ತು 2019ರಲ್ಲಿ ಥಿಂಪುವಿನಲ್ಲಿ ಭಾರತ ಎರಡೂ ಸಲ ಬಾಂಗ್ಲಾದೇಶವನ್ನು ಫೈನಲ್ಲಿನಲ್ಲಿ ಮಣಿಸಿತು. 2022ರಲ್ಲಿ ಕಪ್ಪು ನೇಪಾಳಕ್ಕೆ ಹೋಯಿತು. 2023ರಲ್ಲಿ 17 ವರ್ಷದೊಳಗಿನವರ ಪಂದ್ಯಾವಳಿಗೆ ಅತಿಥಿಯಾಗಿ ಬಂದ ರಷ್ಯಾ ಗೆದ್ದಿತು. ಯುರೋಪಿನ ಪಂದ್ಯಾವಳಿಗಳಿಂದ ಹೊರಗಿಡಲ್ಪಟ್ಟಿದ್ದ ರಷ್ಯಾದ ಕಿರಿಯರಿಗೆ ಆಡಲು ಕಣ ಬೇಕಿತ್ತು, ದಕ್ಷಿಣ ಏಷ್ಯಾದ ಹುಡುಗಿಯರಿಗೆ ಯುರೋಪಿನ ಆಟದ ವೇಗವನ್ನು ಮನೆಯಂಗಳದಲ್ಲೇ ನೋಡುವ ಅವಕಾಶ ಸಿಕ್ಕಿತು. 2024ರ ಮಾರ್ಚಿನಲ್ಲಿ ನೇಪಾಳದ ಲಲಿತಪುರದಲ್ಲಿ 16 ವರ್ಷದೊಳಗಿನವರ ಫೈನಲ್ ಕೂಡ 1–1ರಲ್ಲಿ ನಿಂತು ಷೂಟೌಟಿಗೆ ಹೋಯಿತು. ಅಲ್ಲಿ ಬಾಂಗ್ಲಾದೇಶದ ಗೋಲ್‌ಕೀಪರ್ ಯಾರ್ಜಾನ್ ಬೇಗಂ ಭಾರತದ ಮೂರು ಒದೆತಗಳನ್ನು ತಡೆದಳು. 2025ರ ಆಗಸ್ಟಿನಲ್ಲಿ ಥಿಂಪುವಿನ 17 ವರ್ಷದೊಳಗಿನವರ ಡಬಲ್ ಲೀಗಿನಲ್ಲಿ ಭಾರತ ಮೊದಲೇ ಪ್ರಶಸ್ತಿ ಖಚಿತಪಡಿಸಿಕೊಂಡು, ಕೊನೆಯ ಪಂದ್ಯವನ್ನು ಬಾಂಗ್ಲಾದೇಶಕ್ಕೆ 3–4ರಿಂದ ಬಿಟ್ಟುಕೊಟ್ಟಿತು.

ಬಾಂಗ್ಲಾದೇಶದ ಈ ಏಳಿಗೆ ಶುರುವಾದದ್ದು ಪ್ರಾಥಮಿಕ ಶಾಲೆಗಳಿಂದ. 2011ರಲ್ಲಿ ಅಲ್ಲಿನ ಸರ್ಕಾರ ಪ್ರಾಥಮಿಕ ಶಾಲೆಗಳ ಬಾಲಕಿಯರಿಗಾಗಿ ಬಂಗಮಾತಾ ಚಿನ್ನದ ಕಪ್ ಎಂಬ ಅಂತರಶಾಲಾ ಪಂದ್ಯಾವಳಿ ಆರಂಭಿಸಿತು. ಯೂನಿಯನ್ ಎಂಬ ಹಳ್ಳಿಗುಂಪಿನ ಮಟ್ಟದಿಂದ ಉಪಜಿಲ್ಲೆ, ಜಿಲ್ಲೆ, ವಿಭಾಗ ದಾಟಿ ರಾಷ್ಟ್ರಮಟ್ಟದವರೆಗೆ ಹೋಗುವ ಸ್ಪರ್ಧೆ ಅದು. ಮೈಮನ್‌ಸಿಂಗ್ ಜಿಲ್ಲೆಯ ಧೋಬಾವುರಾ ಉಪಜಿಲ್ಲೆಯಲ್ಲಿ, ಮೇಘಾಲಯದ ಗಾರೋ ಬೆಟ್ಟಗಳ ತಪ್ಪಲಿಗೆ ಹತ್ತಿರದಲ್ಲಿ ಇರುವ ಕೋಲ್‌ಸಿಂದೂರ್ ಎಂಬ ಹಳ್ಳಿಯ ಸರ್ಕಾರಿ ಶಾಲೆ 2013ರಿಂದ ಸತತ ಮೂರು ವರ್ಷ ಈ ಕಪ್ಪನ್ನು ಗೆದ್ದಿತು. ಗಾರೋ ಸಮುದಾಯದ ಮಾರಿಯಾ ಮಾಂಡಾ, ಸಂಜಿದಾ ಅಖ್ತರ್, ತಹೂರಾ ಖಾತೂನ್, ಇಬ್ಬರು ಶಮ್ಸುನ್ನಾಹಾರರು, ಎಲ್ಲರೂ ಆ ಒಂದೇ ಶಾಲೆಯವರು. ಹಳ್ಳಿಗೆ ವಿದ್ಯುತ್ ಬಂದದ್ದು ಈ ಹುಡುಗಿಯರ ಗೆಲುವಿನ ನಂತರ. ದೇಶದ ಇನ್ನೊಂದು ಮೂಲೆಯ ಚಿತ್ತಗಾಂಗ್ ಗುಡ್ಡಗಾಡಿನ ರಾಂಗಾಮಾಟಿ, ಖಾಗ್ರಾಛಡಿ ಜಿಲ್ಲೆಗಳಿಂದ ರಿತುಪರ್ಣಾ ಚಾಕ್ಮಾ, ರೂಪ್ನಾ ಚಾಕ್ಮಾ, ಮೋನಿಕಾ ಚಾಕ್ಮಾ, ಅವಳಿ ಸಹೋದರಿಯರಾದ ಅನಾಯಿ ಮತ್ತು ಅನುಚಿಂಗ್ ಮೊಗಿನಿ ಬಂದರು.

ಶಾಲೆಯಲ್ಲಿ ಕಂಡ ಪ್ರತಿಭೆ ಕಳೆದುಹೋಗದಂತೆ ನೋಡಿಕೊಂಡದ್ದು ವಸತಿ ಶಿಬಿರ. ಢಾಕಾದ ಮೋತಿಝೀಲ್‌ನಲ್ಲಿರುವ ಬಾಂಗ್ಲಾದೇಶ ಫುಟ್‌ಬಾಲ್ ಫೆಡರೇಷನ್ನಿನ ಕಟ್ಟಡದಲ್ಲೇ ಹುಡುಗಿಯರು ವರ್ಷಗಟ್ಟಲೆ ಒಟ್ಟಿಗೆ ಉಳಿದರು. ಊಟ, ಓದು, ಅಭ್ಯಾಸ ಎಲ್ಲವೂ ಒಂದೇ ಕಡೆ. ಗೋಲಾಂ ರಬ್ಬಾನಿ ಛೋಟನ್ ದೀರ್ಘಕಾಲ ಅವರ ಕೋಚ್ ಆಗಿದ್ದರು. 15 ವರ್ಷದೊಳಗಿನವರ ತಂಡದಲ್ಲಿ ಜೊತೆಯಾದವರೇ 18ರಲ್ಲಿ, 19ರಲ್ಲಿ, ಕೊನೆಗೆ ಹಿರಿಯರ ತಂಡದಲ್ಲಿ ಜೊತೆಯಾದರು. ಚೆಂಡು ಬಂದಾಗ ಯಾರು ಎಲ್ಲಿರುತ್ತಾರೆ ಎಂಬುದು ನೋಡದೆಯೇ ತಿಳಿಯುವಷ್ಟು ಹೊಂದಿಕೆ ಅವರಲ್ಲಿ ಬೆಳೆಯಿತು.

ಅದರ ಫಲ ಕಂಡದ್ದು 2022ರ ಸೆಪ್ಟೆಂಬರ್ 19ರಂದು, ಕಠ್ಮಂಡುವಿನ ದಶರಥ ಕ್ರೀಡಾಂಗಣದಲ್ಲಿ. ಗುಂಪಿನ ಹಂತದಲ್ಲಿ ಭಾರತವನ್ನು 3–0ರಿಂದ ಸೋಲಿಸಿದ್ದ ಬಾಂಗ್ಲಾದೇಶ, ಫೈನಲ್ಲಿನಲ್ಲಿ ನೇಪಾಳವನ್ನು 3–1ರಿಂದ ಗೆದ್ದು ಹಿರಿಯರ ಸ್ಯಾಫ್ ಕಪ್ಪನ್ನು ಮೊದಲ ಬಾರಿಗೆ ಎತ್ತಿತು. ತಂಡ ಢಾಕಾಕ್ಕೆ ಬಂದಿಳಿದಾಗ ಎರಡಂತಸ್ತಿನ ಬಸ್ಸೊಂದರ ಮೇಲ್ಛಾವಣಿ ತೆಗೆಸಿ, ವಿಮಾನ ನಿಲ್ದಾಣದಿಂದ ಫೆಡರೇಷನ್ ಕಟ್ಟಡದವರೆಗೆ ಮೆರವಣಿಗೆ ಮಾಡಲಾಯಿತು. 2024ರ ಅಕ್ಟೋಬರಿನಲ್ಲಿ ಅದೇ ಮೈದಾನದಲ್ಲಿ, ಅದೇ ನೇಪಾಳದ ಎದುರು 2–1ರ ಗೆಲುವು. ಎರಡು ಗೋಲುಗಳೂ ಮೋನಿಕಾ ಮತ್ತು ರಿತುಪರ್ಣಾ ಅವರವು. 2025ರ ಜುಲೈನಲ್ಲಿ ರಿತುಪರ್ಣಾ ಹೊಡೆದ ಎರಡು ಗೋಲುಗಳಿಂದ ಮ್ಯಾನ್ಮಾರ್ ತಂಡವನ್ನು ಸೋಲಿಸಿದ ಬಾಂಗ್ಲಾದೇಶ, 2026ರ ಏಷ್ಯನ್ ಕಪ್ಪಿಗೆ ಇದೇ ಮೊದಲ ಬಾರಿ ಅರ್ಹತೆ ಪಡೆಯಿತು. ಮರು ತಿಂಗಳು ಅದರ 20 ವರ್ಷದೊಳಗಿನವರ ತಂಡವೂ ಏಷ್ಯನ್ ಕಪ್ಪಿನ ಪ್ರವೇಶ ಗಿಟ್ಟಿಸಿತು.

ಭಾರತದ ದಾರಿ ಬೇರೆ. ಇಲ್ಲಿ ಒಂದೇ ಶಿಬಿರದ ಬದಲು ಹಲವು ನೆಲೆಗಳಿವೆ. ಮಣಿಪುರ ಹಿಂದಿನಿಂದಲೂ ಮಹಿಳಾ ಫುಟ್‌ಬಾಲಿನ ತವರು. ಜಾರ್ಖಂಡದ ಗುಮ್ಲಾ, ರಾಂಚಿ ಸುತ್ತಲಿನ ಆದಿವಾಸಿ ಹಳ್ಳಿಗಳು, ಒಡಿಶಾ, ತಮಿಳುನಾಡು, ಹರಿಯಾಣದ ಭಿವಾನಿ ಜಿಲ್ಲೆಯ ಅಲಖಪುರ, ಇವೆಲ್ಲ ಈಚೆಗೆ ರಾಷ್ಟ್ರೀಯ ಕಿರಿಯರ ತಂಡಗಳಿಗೆ ಆಟಗಾರ್ತಿಯರನ್ನು ಕೊಡುತ್ತಿವೆ. ಸುಬ್ರತೊ ಕಪ್ ಅಂತರಶಾಲಾ ಪಂದ್ಯಾವಳಿಯಲ್ಲಿ ಬಾಲಕಿಯರ ವಿಭಾಗ ಶುರುವಾದದ್ದು 2012ರಲ್ಲಿ. 2022ರ ವಿಶ್ವಕಪ್ಪಿನಲ್ಲಿ ಭಾರತದ 17 ವರ್ಷದೊಳಗಿನವರು ಅಮೆರಿಕ, ಮೊರೊಕ್ಕೊ, ಬ್ರೆಜಿಲ್ ಮೂರಕ್ಕೂ ಸೋತು, ಒಂದು ಗೋಲನ್ನೂ ಹೊಡೆಯಲಾಗದೆ ಹದಿನಾರು ಗೋಲು ಬಿಟ್ಟುಕೊಟ್ಟರು. ಆತಿಥ್ಯದಿಂದ ಸಿಕ್ಕ ಪ್ರವೇಶಕ್ಕೂ ಆಡಿ ಪಡೆದ ಪ್ರವೇಶಕ್ಕೂ ಇರುವ ದೂರ ಅಲ್ಲಿ ತಿಳಿಯಿತು. ಆ ದೂರ ಈಗ ತಗ್ಗುತ್ತಿದೆ. 2025ರ ಆಗಸ್ಟಿನಲ್ಲಿ ಭಾರತದ 20 ವರ್ಷದೊಳಗಿನವರು ಯಾಂಗೋನ್‌ನಲ್ಲಿ ಮ್ಯಾನ್ಮಾರ್ ತಂಡವನ್ನು 1–0ರಿಂದ ಸೋಲಿಸಿ, ಇಪ್ಪತ್ತು ವರ್ಷಗಳ ನಂತರ ಏಷ್ಯನ್ ಕಪ್ಪಿಗೆ ಅರ್ಹರಾದರು. ಅಕ್ಟೋಬರಿನಲ್ಲಿ 17 ವರ್ಷದೊಳಗಿನವರು ಬಿಷ್ಕೆಕ್‌ನಲ್ಲಿ ಉಜ್ಬೆಕಿಸ್ತಾನವನ್ನು 2–1ರಿಂದ ಗೆದ್ದು ಅದೇ ಸಾಧನೆ ಮಾಡಿದರು.

ನೇಪಾಳ ಎಲ್ಲ ಪಂದ್ಯಾವಳಿಗಳಲ್ಲೂ ಆಡಿದೆ. 2018 ಮತ್ತು 2023ರಲ್ಲಿ ಫೈನಲ್ ಮುಟ್ಟಿದ್ದರೂ ಈ ವಯೋಮಾನದ ಕಪ್ಪು ಅದರ ಕೈಗೆ ಎಟುಕಲಿಲ್ಲ. ಭೂತಾನದ ಬಲ ಬೇರೆ ಬಗೆಯದು. ಆ ಚಿಕ್ಕ ದೇಶದ ಮಹಿಳಾ ಲೀಗ್ 2025ರಲ್ಲಿ ರಿತುಪರ್ಣಾ, ಸಬೀನಾ ಖಾತೂನ್ ಮೊದಲಾದ ಬಾಂಗ್ಲಾದೇಶದ ಹಲವು ಆಟಗಾರ್ತಿಯರಿಗೆ ಆಡಲು ನೆಲೆ ಕೊಟ್ಟಿತು. ಪಾಕಿಸ್ತಾನದ ಫುಟ್‌ಬಾಲ್ ಆಡಳಿತ ಫಿಫಾದ ಅಮಾನತಿಗೆ ಮತ್ತೆ ಮತ್ತೆ ಒಳಗಾಯಿತು. ಅದರ ಹಿರಿಯ ಮಹಿಳಾ ತಂಡವೇ 2014ರಿಂದ 2022ರವರೆಗೆ ಒಂದೂ ಅಂತರರಾಷ್ಟ್ರೀಯ ಪಂದ್ಯ ಆಡಲಿಲ್ಲ. ಇನ್ನು ಕಿರಿಯರ ತಂಡ ಎಲ್ಲಿಂದ ಬರಬೇಕು? ಪಾಕಿಸ್ತಾನ, ಮಾಲ್ದೀವ್ಸ್ 2018ರ ನಂತರದ ಐದು ಪಂದ್ಯಾವಳಿಗಳಲ್ಲಿ ಕಾಣಿಸಿಕೊಂಡಿಲ್ಲ.

ಗೆಲ್ಲುವ ದೇಶದಲ್ಲೂ ಎಲ್ಲವೂ ಸಲೀಸಾಗಿಲ್ಲ. 2025ರ ಜನವರಿಯಲ್ಲಿ ಬಾಂಗ್ಲಾದೇಶದ ಜಾಯ್‌ಪುರಹಾಟ್‌ನಲ್ಲಿ ಮಹಿಳೆಯರ ಫುಟ್‌ಬಾಲ್ ಪಂದ್ಯವನ್ನು ವಿರೋಧಿಸಿದವರು ಮೈದಾನದ ಬೇಲಿಯನ್ನು ಕಿತ್ತುಹಾಕಿದ್ದರಿಂದ ಪಂದ್ಯವೇ ರದ್ದಾಯಿತು. ಹಣದ ಕೊರತೆ, ಸಂಬಳದ ಬಾಕಿ, ಆಗಾಗ ನಿಂತುಹೋಗುವ ಲೀಗುಗಳು ಈ ಭಾಗದ ಎಲ್ಲ ದೇಶಗಳಿಗೂ ಸಮಾನ. ಕಿರಿಯರ ಪಂದ್ಯಾವಳಿ ವರ್ಷಕ್ಕೆ ಹೆಚ್ಚೆಂದರೆ ಎರಡು ವಾರ ನಡೆಯುತ್ತದೆ. ಉಳಿದ ಐವತ್ತು ವಾರ ಹುಡುಗಿ ಎಲ್ಲಿ ಆಡುತ್ತಾಳೆ, ಯಾರ ಖರ್ಚಿನಲ್ಲಿ ಆಡುತ್ತಾಳೆ ಎಂಬುದರ ಮೇಲೆ ಅವಳ ಮುಂದಿನ ದಾರಿ ನಿಂತಿದೆ.

ಈ ದಾರಿ ಕರ್ನಾಟಕವನ್ನೂ ಹಾದುಹೋಗುತ್ತದೆ. 2020ರ ಫೆಬ್ರವರಿ 14ರಂದು ಇಂಡಿಯನ್ ವುಮೆನ್ಸ್ ಲೀಗಿನ ಫೈನಲ್ ಬೆಂಗಳೂರು ಫುಟ್‌ಬಾಲ್ ಕ್ರೀಡಾಂಗಣದಲ್ಲಿ ನಡೆಯಿತು. ಅಂದು ಗೋಕುಲಂ ಕೇರಳ ತಂಡ ಮಣಿಪುರದ ಕ್ರಿಫ್ಸಾವನ್ನು 3–2ರಿಂದ ಸೋಲಿಸಿದ್ದು, ಕೊನೆಯ ನಿಮಿಷಗಳಲ್ಲಿ ನೇಪಾಳದ ಸಬಿತ್ರಾ ಭಂಡಾರಿ ಹೊಡೆದ ಗೋಲಿನಿಂದ. ಬೆಂಗಳೂರಿನ ಕಿಕ್‌ಸ್ಟಾರ್ಟ್ ಕ್ಲಬ್ 2023ರಲ್ಲಿ ಅದೇ ಲೀಗಿನ ಫೈನಲ್ ತಲುಪಿ ಗೋಕುಲಂ ಎದುರು ಸೋತಿತು. ಮರುವರ್ಷ ಬಾಂಗ್ಲಾದೇಶದ ನಾಯಕಿ ಸಬೀನಾ ಖಾತೂನ್ ಕಿಕ್‌ಸ್ಟಾರ್ಟ್ ಪರವಾಗಿ ಆಡಿದಳು, ಕೋಲ್‌ಸಿಂದೂರಿನ ಸಂಜಿದಾ ಕೋಲ್ಕತ್ತದ ಈಸ್ಟ್ ಬೆಂಗಾಲ್ ಪರವಾಗಿ ಆಡಿದಳು.

ಪಂದ್ಯಾವಳಿಯ ಮುಂದಿರುವ ಕೆಲಸ ಮೂರು. ದಿನಾಂಕ ಮತ್ತು ವಯೋಮಿತಿಯನ್ನು ಎರಡು ವರ್ಷ ಮೊದಲೇ ಗೊತ್ತುಪಡಿಸಿದರೆ ಏಳೂ ದೇಶಗಳು ತಂಡ ಕಟ್ಟಬಲ್ಲವು. ನಾಲ್ಕು ತಂಡಗಳ ಡಬಲ್ ಲೀಗಿನಲ್ಲಿ ಪ್ರತಿ ಹುಡುಗಿಗೂ ಆರು ಪಂದ್ಯ ಸಿಗುವುದರಿಂದ ಆ ಮಾದರಿಯನ್ನು ಉಳಿಸಿಕೊಳ್ಳುವುದು ಲೇಸು. ರೆಫರಿ, ಕಮಿಷನರುಗಳಿಗೂ ಆಟಗಾರ್ತಿಯರಿಗೆ ಇರುವಷ್ಟೇ ತರಬೇತಿ ಬೇಕು. ಆಡುವವರ ಕಡೆಯಿಂದ ಕೊರತೆಯಾಗಿಲ್ಲ. ಕಮಲಾಪುರದ ಆ ರಾತ್ರಿ ಇಪ್ಪತ್ತೆರಡು ಒದೆತಗಳಲ್ಲಿ ಒಂದೂ ಗುರಿ ತಪ್ಪಿರಲಿಲ್ಲ.